ಕುವೈತಿನ ಸುದ್ದಿ

1990ರ ಆಗಸ್ಟ್ 2ರಂದು ಇರಾಕಿನ ಸದ್ದಾಂ ಹುಸೇನನ ಸೈನ್ಯ ನೆರೆಯ ಕುವೈತಿಗೆ ನುಗ್ಗಿತು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ, ಮಕ್ಕಳು ಕುವೈತಿನಲ್ಲಿ ದುಡಿಯುತ್ತಿದ್ದ ಮನೆಗಳಲ್ಲಿ ಯಾರದು ಸರಿ, ಯಾರದು ತಪ್ಪು ಎಂಬ ಚರ್ಚೆಗೆ ಜಾಗವೇ ಇರಲಿಲ್ಲ. ಫೋನ್ ಸಿಗುತ್ತಿರಲಿಲ್ಲ. ಹೊರಗೆ ಆಸಾಡಿ ಮಳೆ, ಜಗಲಿಯಲ್ಲಿ ರೇಡಿಯೊಗೆ ಕಿವಿಯಿಟ್ಟು ಕೂತ ತಾಯಿ. ದಾರಿಯಲ್ಲಿ ಹೋಗುವವರದೆಲ್ಲ ಒಂದೇ ಪ್ರಶ್ನೆ: “ಹ್ವಾಯ್, ಮಗಂದ್ ಎಂತಾರೂ ಸುದ್ದಿ ಬಂತಾ?”

ಕಡೆಗೆ ಜೋರ್ಡಾನಿನ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳು ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕರೆತಂದವು.

ಈಗ ಎಲ್ಲೇ ಯುದ್ಧವಾಗಲಿ, ‘ಹೊಡೀಲಿ, ಬುದ್ಧಿ ಬರ್ಲಿ’ ಎನ್ನುವವರೇ ಹೆಚ್ಚು. ಕೇಳಿದರೆ ಸಂಕಟವಾಗುತ್ತದೆ. ದಯವಿಟ್ಟು, ಸ್ಟೇಟಸ್ ಹಾಕುವ ಮೊದಲು, ಆ ದೇಶದಲ್ಲಿ ಮಗನಿರುವ ಮನೆ ನಿಮ್ಮೂರಲ್ಲಿದ್ದರೆ ಒಮ್ಮೆ ಹೋಗಿ ಮಾತಾಡಿಸಿ ಬನ್ನಿ.