ಕುಳಿತವರು, ನಿಂತವರು

ಮನೆಗೆ ಅತಿಥಿಗಳು ಬಂದಾಗ ಎದ್ದು ಕುರ್ಚಿ ಕೊಡಬೇಕೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಹಿರಿಯರು ನಿಂತಿರುವಾಗ ಕಿರಿಯರು ಕುಳಿತಿರಬಾರದೆಂಬುದು ನಮ್ಮ ಮನೆಗಳಲ್ಲಿ ಯಾರೂ ಬರೆದಿಡದ ಕಟ್ಟಳೆ. ಆದರೆ ಹೊಸ್ತಿಲು ದಾಟಿ ಜನ ತುಂಬಿದ ರೈಲುಗಾಡಿಯನ್ನೇರಿದ ಮೇಲೆ ಈ ಕಟ್ಟಳೆ ಎಷ್ಟರ ಮಟ್ಟಿಗೆ ಉಳಿಯುತ್ತದೆ? ಮನೆಯಲ್ಲಿ ಕುರ್ಚಿ ಕೊಟ್ಟವನಿಗೆ ಇನ್ನೊಂದು ಕುರ್ಚಿಯೋ ಚಾಪೆಯೋ ಸಿಗುತ್ತದೆ. ರೈಲಿನಲ್ಲಿ ಆಸನ ಬಿಟ್ಟುಕೊಟ್ಟವನು ನಿಲ್ಲಲೇಬೇಕು. ಆದ್ದರಿಂದಲೇ ಅಲ್ಲಿಯ ಸೌಜನ್ಯಕ್ಕೆ ಬೆಲೆ ಹೆಚ್ಚು. ಬಂಗಾರಪೇಟೆಯಿಂದ ಬೆಂಗಳೂರಿಗೆ ಇಪ್ಪತ್ತು ವರ್ಷಗಳಿಗೂ ಮೀರಿ ಮಾಸಿಕ ಪಾಸಿನ ಮೇಲೆ ಓಡಾಡಿ ನಿವೃತ್ತನಾದ ನಾನು ಈ ವಿಷಯದಲ್ಲಿ ಕಂಡುದನ್ನು ಇಲ್ಲಿ ಹೇಳಬಯಸುತ್ತೇನೆ.

ನಮ್ಮ ಊರಿಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಇಲ್ಲಿಂದ ಕೋಲಾರ ಚಿನ್ನದ ಗಣಿಗೆ ಹೋಗುವ ಕವಲು ರೈಲುಮಾರ್ಗ 1894ರಲ್ಲಿ ಆರಂಭವಾಯಿತು. ಉದ್ದ ಸುಮಾರು 16 ಕಿ.ಮೀ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಮುಂತಾದ ನಿಲ್ದಾಣಗಳ ಹೆಸರುಗಳಲ್ಲಿಯೇ ಗಣಿಯ ಚರಿತ್ರೆಯಿದೆ. ಗಣಿಗಾಗಿ ಹಾಕಿದ ದಾರಿ ಅದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಅದೇ ದಾರಿಯೇ ಅಲ್ಲಿಯ ಸಾವಿರಾರು ಸಂಸಾರಗಳಿಗೆ ಅನ್ನದ ದಾರಿಯಾಯಿತು. ಕಾವಲುಗಾರರು, ಅಂಗಡಿಯ ನೌಕರರು, ದಾದಿಯರು, ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳು, ಕಾಲೇಜಿನ ಹುಡುಗರು ಎಲ್ಲರೂ ನಸುಕಿನಲ್ಲಿಯೇ ಬುತ್ತಿ ಕಟ್ಟಿಕೊಂಡು ಬೆಂಗಳೂರಿನ ಗಾಡಿಗೆ ಕಾಯುತ್ತಾರೆ.

ಗಾಡಿ ಹೊರಡುವುದು ಮಾರಿಕುಪ್ಪಂನಿಂದ. ಅಲ್ಲಿಯವರಿಗೆ ಆಸನ ಸಿಗುತ್ತದೆ. ಬಂಗಾರಪೇಟೆಗೆ ಬರುವಷ್ಟರಲ್ಲಿ ಬೋಗಿ ತುಂಬಿರುತ್ತದೆ. ಟೇಕಲ್, ಮಾಲೂರಿನವರಿಗೆ ಬಾಗಿಲಲ್ಲಿ ಕಾಲೂರುವುದೇ ಕಷ್ಟ. ಇಲ್ಲಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ದೂರವನ್ನು ನಿಂತೇ ಕಳೆಯಬೇಕಾದವರು ಬಹಳ. ಸಂಜೆ ಮರಳುವಾಗಲಾದರೂ ನ್ಯಾಯ ಸರಿಹೋಗುವುದೇ ಎಂದರೆ ಅದೂ ಇಲ್ಲ. ಬೆಂಗಳೂರಿನಲ್ಲಿ ಮೊದಲು ಹತ್ತಿದವರು ಕುಳಿತುಬಿಟ್ಟರೆ, ಎಲ್ಲರಿಗಿಂತ ದೂರ ಹೋಗಬೇಕಾದ ಗಣಿಯ ಊರಿನವರೇ ಕಂಬ ಹಿಡಿದು ನಿಲ್ಲಬೇಕಾಗುತ್ತದೆ.

ಈ ಕಷ್ಟದ ನಡುವೆ ಪ್ರಯಾಣಿಕರು ತಾವೇ ಕೆಲವು ನಿಯಮಗಳನ್ನು ಮಾಡಿಕೊಂಡಿದ್ದಾರೆ. ಮೂವರು ಕೂರುವ ಹಲಗೆಯಲ್ಲಿ ನಾಲ್ಕನೆಯವರಿಗೂ ಜಾಗವಿದೆ ಎಂಬುದು ಮೊದಲನೆಯದು. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್" ಎಂಬ ಒಂದು ಮಾತಿಗೆ ಮೂವರೂ ಸರಿಯುತ್ತಾರೆ. ಎರಡನೆಯದು "ಎಲ್ಲಿ ಇಳೀತೀರ?" ಎಂಬ ಪ್ರಶ್ನೆ. ವೈಟ್‌ಫೀಲ್ಡ್ ಎಂದೋ ಕೃಷ್ಣರಾಜಪುರ ಎಂದೋ ಉತ್ತರ ಬಂದರೆ, ಆ ಆಸನ ಕೇಳಿದವರದೆಂದು ಸುತ್ತಲಿನವರೆಲ್ಲ ಒಪ್ಪುತ್ತಾರೆ. ರಸೀದಿಯಿಲ್ಲದ ಈ ಒಪ್ಪಂದ ಮುರಿಯುವುದು ಅಪರೂಪ. 2023ರಲ್ಲಿ ವೈಟ್‌ಫೀಲ್ಡಿಗೆ ಮೆಟ್ರೋ ಬಂದ ಮೇಲೆ ಅಲ್ಲಿ ಇಳಿದು ನಗರದೊಳಗೆ ಹೋಗುವ ಅನುಕೂಲವೂ ಆಗಿದೆ.

ಮೂರನೆಯ ನಿಯಮ ಮಾತ್ರ ನನಗೆ ಎಂದೂ ಒಪ್ಪಿಗೆಯಾಗಲಿಲ್ಲ. ಅದು ಟವೆಲಿನ ನಿಯಮ. ಕಿಟಕಿಯಿಂದ ಕರವಸ್ತ್ರವನ್ನೋ ಟವೆಲನ್ನೋ ಒಳಗೆಸೆದು, ಮುಂದಿನ ನಿಲ್ದಾಣದಲ್ಲಿ ಹತ್ತುವ ಗೆಳೆಯರಿಗೆಂದು ಸಾಲು ಆಸನಗಳನ್ನು ಹಿಡಿದಿಡುವುದು. ಹೊಸಬರು ಕುಳಿತರೆ "ಇಲ್ಲಿ ಆಳಿದ್ದಾರೆ" ಎಂದು ಎಬ್ಬಿಸುವುದು. ಮಾಸಿಕ ಪಾಸು ಪ್ರಯಾಣಕ್ಕೆ ಅನುಮತಿಯೇ ಹೊರತು ಆಸನದ ಪತ್ರವಲ್ಲ. ಕಾಯ್ದಿರಿಸದ ಬೋಗಿಗೆ ನ್ಯಾಯವಾಗಿ ಬರುವವರನ್ನು ತಡೆದರೆ 200 ರೂಪಾಯಿವರೆಗೆ ದಂಡ ವಿಧಿಸಬಹುದೆಂದು 1989ರ ರೈಲ್ವೆ ಅಧಿನಿಯಮದ 155ನೆಯ ಕಲಮೇ ಹೇಳುತ್ತದೆ. ಆದರೆ ಒಂದು ಆಸನಕ್ಕಾಗಿ ಕಾನೂನಿನ ಮೊರೆ ಹೋಗುವವರಾರು? ಇದು ದಂಡದಿಂದ ತೀರುವ ವ್ಯಾಜ್ಯವೂ ಅಲ್ಲ.

ನಮ್ಮ ಬೋಗಿಯಲ್ಲಿ ಇದನ್ನು ತೀರಿಸಿದವರು ಒಬ್ಬ ಹಳೆಯ ಗಣಿ ಕಾರ್ಮಿಕರು. ಐವತ್ತರ ಆಸುಪಾಸಿನಲ್ಲಿ ಕೆಲಸ ಕಳೆದುಕೊಂಡು ಬೆಂಗಳೂರಿನ ಕಟ್ಟಡವೊಂದರಲ್ಲಿ ಕಾವಲುಗಾರರಾಗಿದ್ದರು. ಹಗಲೆಲ್ಲ ನಿಂತಿರುವುದೇ ಅವರ ಕೆಲಸ. ಹೀಗಾಗಿ ಬೆಳಗಿನ ಆ ಆಸನವೇ ಅವರಿಗೆ ದಿನದ ವಿಶ್ರಾಂತಿ. ಆದರೂ ಮಾಲೂರು ಬಂದೊಡನೆ ಎದ್ದು, ನಿಂತವರಲ್ಲಿ ಬಳಲಿದವರನ್ನು ನೋಡಿ, ತಮ್ಮ ತಮಿಳಿನಲ್ಲಿ "ಉಕ್ಕಾರಮ್ಮಾ" ಎಂದು ಕೂರಿಸುತ್ತಿದ್ದರು. ಒಮ್ಮೆ ನಾನು, "ಅಣ್ಣಾ, ನೀವು ಸಂಜೆಯವರೆಗೂ ನಿಲ್ಲಬೇಕಲ್ಲ, ಕೂತಿರಬಾರದೇ?" ಎಂದೆ. "ಗಣಿಯೊಳಗೆ ಕೇಜಿನಲ್ಲಿ ಇಳಿಯುವಾಗ ಯಾರಿಗೂ ಸೀಟಿರಲಿಲ್ಲ ಸಾರ್. ಎಲ್ಲರೂ ಒತ್ತಿಕೊಂಡೇ ನಿಲ್ಲುತ್ತಿದ್ದೆವು. ಪಕ್ಕದವನು ಕ್ಷೇಮವಾಗಿದ್ದರೇ ನಾವು ಕ್ಷೇಮ. ಇಲ್ಲಿ ಅರ್ಧ ದಾರಿ ಕೂತಿದ್ದೇನೆ, ಸಾಕು" ಎಂದರು. ಅವರು ಯಾರಿಗೂ ಬುದ್ಧಿ ಹೇಳಲಿಲ್ಲ. ಕೆಲವು ತಿಂಗಳಲ್ಲಿ ಅವರ ಪಕ್ಕದವರೂ ಮಾಲೂರಿನಲ್ಲಿ ಏಳತೊಡಗಿದರು. ಟವೆಲುಗಳು ತಾವಾಗಿಯೇ ಹೆಗಲಿಗೆ ಮರಳಿದವು.

ಮೊದಲು ಬಂದವರ ಹಕ್ಕು ಸುಳ್ಳಲ್ಲ. ನಾಲ್ಕು ಗಂಟೆಗೇ ಎದ್ದು ಬಂದವರ ಶ್ರಮಕ್ಕೆ ಬೆಲೆಯಿರಬೇಕು. ಆದರೆ ಮಾರಿಕುಪ್ಪಂನಲ್ಲಿ ಹುಟ್ಟಿದುದೋ ಮಾಲೂರಿನಲ್ಲಿ ಹುಟ್ಟಿದುದೋ ಯಾರ ಯೋಗ್ಯತೆಯೂ ಅಲ್ಲ. ಆಸನವನ್ನು ಆಸ್ತಿಯೆಂದು ಎಣಿಸಿದರೆ ಜಗಳ. ಸರದಿಯೆಂದು ಎಣಿಸಿದರೆ ಇಬ್ಬರಿಗೂ ವಿಶ್ರಾಂತಿ.

ಇನ್ನೊಂದು ಮಾತನ್ನು ನಿಂತವರಿಗೂ ಹೇಳಬೇಕಾಗಿದೆ. ನನ್ನ ಮಗಳು ಐದು ತಿಂಗಳ ಗರ್ಭಿಣಿಯಾಗಿದ್ದಾಗ ಮಹಿಳೆಯರ ಬೋಗಿಯಲ್ಲಿ ಪ್ರಯಾಣ ಮಾಡುತ್ತಿದ್ದಳು. ನೋಡಿದವರಿಗೆ ಗೊತ್ತಾಗುವಂತಿರಲಿಲ್ಲ. ಒಂದು ದಿನ ತಲೆ ಸುತ್ತಿ ಬಂದರೂ ಸಂಕೋಚದಿಂದ ಬಹಳ ಹೊತ್ತು ನಿಂತಿದ್ದಳಂತೆ. ಎದುರಿಗೆ ಚಾಂಪಿಯನ್‌ನಲ್ಲಿ ಹತ್ತಿದ ಹುಡುಗಿಯೊಬ್ಬಳು ಕಣ್ಣುಮುಚ್ಚಿ ಕುಳಿತಿದ್ದಳು. ನಟನೆಯ ನಿದ್ದೆಯೆಂದು ಮಗಳು ಮನಸ್ಸಿನಲ್ಲಿಯೇ ಬೈದುಕೊಂಡಳಂತೆ. ಕಡೆಗೆ ಭುಜ ಮುಟ್ಟಿ ವಿಷಯ ತಿಳಿಸಿದಾಗ ಆ ಹುಡುಗಿ ಧಡಕ್ಕನೆ ಎದ್ದು, "ಅಯ್ಯೋ ಅಕ್ಕಾ, ಮೊದಲೇ ಹೇಳಬಾರದಿತ್ತಾ? ಮನೆಯಲ್ಲಿ ಅಮ್ಮನಿಗೆ ಹುಷಾರಿಲ್ಲ, ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ" ಎಂದಳಂತೆ. ಉಳಿದ ದಾರಿಯಲ್ಲಿ ಇಬ್ಬರೂ ಮೂವರ ಹಲಗೆಯಲ್ಲಿ ಒತ್ತಿಕೊಂಡು ಕುಳಿತರು.

ದಣಿವು ಮುಖದ ಮೇಲೆ ಬರೆದಿರುವುದಿಲ್ಲ. ನೆರೆತ ಕೂದಲು ಎಲ್ಲರಿಗೂ ಕಾಣುತ್ತದೆ. ಹದಿಹರೆಯದವಳ ಹೊಟ್ಟೆನೋವು, ರಾತ್ರಿಪಾಳಿ ಮುಗಿಸಿದವನ ಆಯಾಸ ಕಾಣುವುದಿಲ್ಲ. ಆದ್ದರಿಂದ ಕಿರಿಯರು ಎದ್ದು ಕೊಡುವುದನ್ನು ಕಲಿಯಬೇಕಾದಂತೆ, ಹಿರಿಯರು ಗದರದೆ ಕೇಳುವುದನ್ನೂ, ಕೊಟ್ಟವರಿಗೆ ಒಂದು ಒಳ್ಳೆಯ ಮಾತು ಹೇಳುವುದನ್ನೂ ಕಲಿಯಬೇಕು. ಕೂತ ಮೇಲೆ ನಿಂತವರ ಚೀಲವನ್ನು ತೊಡೆಯ ಮೇಲಿಟ್ಟುಕೊಳ್ಳುವುದು, ಒಂದೆರಡು ನಿಲ್ದಾಣ ಕಳೆದ ಮೇಲೆ "ಈಗ ನೀವು ಕೂತ್ಕೊಳ್ಳಿ" ಎನ್ನುವುದು, ಇವೆಲ್ಲ ಸಣ್ಣ ಸಂಗತಿಗಳು. ಆದರೆ ದಿನವೂ ಐದಾರು ಗಂಟೆ ದಾರಿಯಲ್ಲಿಯೇ ಕಳೆಯುವವರಿಗೆ ಬದುಕಿನ ದೊಡ್ಡ ಭಾಗವೇ ಈ ಬೋಗಿಯಲ್ಲಿ ಸಾಗುತ್ತದೆ.

ತಾಯಿತಂದೆಯರು ಮಕ್ಕಳನ್ನು ಕರೆದುಕೊಂಡು ರೈಲನ್ನೋ ಬಸ್ಸನ್ನೋ ಏರಿದಾಗ, ನಿಂತಿರುವ ಒಬ್ಬರನ್ನು ತೋರಿಸಿ "ಬಾ, ನನ್ನ ತೊಡೆಯ ಮೇಲೆ ಕೂತುಕೋ, ಅಜ್ಜಿಗೆ ಜಾಗ ಬಿಡು" ಎಂದರೆ ಸಾಕು. ಪುಸ್ತಕದ ಪಾಠಕ್ಕಿಂತ ಅದು ಹೆಚ್ಚು ದಿನ ನೆನಪಿನಲ್ಲಿ ಉಳಿಯುತ್ತದೆ.