ಮೋಡಗಳ ಲ್ಯಾಟಿನ್ ಹೆಸರು

ಮುಂಬಯಿಯ ಮಳೆಗಾಲದ ಸಂಜೆಗಳಲ್ಲಿ ನಾವು ಗಂಡಹೆಂಡಿರು ಮಗಳೊಡನೆ ಕುಳಿತು ಹವೆಗೆ ಸಂಬಂಧಿಸಿದ ಲ್ಯಾಟಿನ್ ಮಾತುಗಳನ್ನು ಕಲಿಯುತ್ತಿದ್ದೇವೆಂದರೆ ವಾಚಕರು ನಕ್ಕಾರು. ಸರಕಾರಿ ಕಚೇರಿಯ ಗುಮಾಸ್ತರಿಗೆ ರೋಮನರ ಭಾಷೆ ಏಕೆ? ಮಗಳ ಭೂಗೋಳದ ಪುಸ್ತಕದಲ್ಲಿ ಮೋಡಗಳಿಗೆಲ್ಲ ಲ್ಯಾಟಿನ್ ಹೆಸರು. ಅರ್ಥ ತಿಳಿಯದೆ ಉರುಹೊಡೆಯುವುದು ನಮ್ಮ ಮನೆಯಲ್ಲಿ ಯಾರಿಗೂ ಸೇರದು.

ಈ ಹೆಸರುಗಳನ್ನಿಟ್ಟವನು ಲಂಡನ್ನಿನಲ್ಲಿ ಔಷಧ ತಯಾರಿಸಿ ಮಾರುತ್ತಿದ್ದ ಲೂಕ್ ಹೊವಾರ್ಡ್. ಹೊಟ್ಟೆಪಾಡಿನ ಕೆಲಸದ ನಡುವೆ ಬಿಡುವು ಮಾಡಿಕೊಂಡು ಆಕಾಶ ನೋಡುತ್ತಿದ್ದವನು. ಅಷ್ಟರಿಂದಲೇ ಅವನು ನಮಗೆ ಹಿಡಿಸಿಬಿಟ್ಟ. 1802ರಲ್ಲಿ ಅವನು ಗೆಳೆಯರ ಸಭೆಯಲ್ಲಿ ಓದಿದ ಪ್ರಬಂಧದಿಂದ ಈ ಹೆಸರುಗಳು ಬಂದವು. ಸಿರಸ್ ಎಂದರೆ ಗುಂಗುರು ಕೂದಲು, ಸ್ಟ್ರೇಟಸ್ ಎಂದರೆ ಹಾಸಿದ್ದು, ಕ್ಯುಮುಲಸ್ ಎಂದರೆ ರಾಶಿ. ಮಳೆ ಸುರಿಸುವುದು ನಿಂಬಸ್. ಅದೇ ವರ್ಷ ಫ್ರಾನ್ಸಿನ ಲಮಾರ್ಕನೂ ತನ್ನ ಭಾಷೆಯಲ್ಲಿ ಮೋಡಗಳಿಗೆ ಹೆಸರಿಟ್ಟಿದ್ದ. ಅವು ನಿಲ್ಲಲಿಲ್ಲ.

ರಾಶಿ ಎಂದೊಡನೆ ನಮಗಿಬ್ಬರಿಗೂ ಧಾರವಾಡ ಸೀಮೆಯ ಜೋಳದ ಕಣ ಕಣ್ಣಿಗೆ ಕಟ್ಟಿತು. ಕಣವೆಂದರೇನೆಂದು ಮಗಳು ಕೇಳಿದಳು. ಅವಳು ಕಂಡ ರಾಶಿಯೆಲ್ಲ ತರಕಾರಿ ಪೇಟೆಯದು.

ನಿಘಂಟಿನಲ್ಲಿ ಇನ್ನೂ ಮುಂದೆ ಹೋದೆವು. ದಿನಬಳಕೆಯ ಇಂಗ್ಲಿಷಿನಲ್ಲಿ ಮಿಂಚಿಗೂ ಸಿಡಿಲಿಗೂ ಲೈಟ್ನಿಂಗ್ ಒಂದೇ. ಲ್ಯಾಟಿನ್ನಿನಲ್ಲಿ ಹಾಗಲ್ಲ: ಬೆಳಗಿ ಮಾಯವಾಗುವ ಮಿಂಚು ಫುಲ್ಗುರ್, ಬಂದು ಬಡಿಯುವ ಸಿಡಿಲು ಫುಲ್ಮೆನ್. ನಮ್ಮೂರ ಹೊರಗಿನ ಹುಣಸೆಮರವನ್ನು ಸೀಳಿದ್ದು ಫುಲ್ಮೆನ್ನೇ ಸರಿ! ಇನ್ನು ಮಳೆ ಬರುತ್ತದೆ ಎನ್ನಲು ಅವರಿಗೆ ಪ್ಲುಯಿತ್ ಎಂಬ ಒಂದೇ ಪದ ಸಾಕು, ಕರ್ತೃಪದದ ಹಂಗಿಲ್ಲ. ನಮ್ಮ ಮಳೆಯಾದರೋ ಬೀಗರಂತೆ ಬರುತ್ತದೆ, ಹಿಡಿದು ಕೂರುತ್ತದೆ, ಕೆಲವು ವರ್ಷ ಕೈಕೊಡುತ್ತದೆ. ಕರ್ತೃವಿಲ್ಲದ ಮಳೆಯನ್ನು ಬಯ್ಯುವುದು ಹೇಗೆ?

ಜೂನ್ ಎರಡನೆಯ ವಾರ ಊರಿನಿಂದ ತಾಯಿಯವರ ಫೋನು ಬಂದಿತು.

"ಮಿರಗ ಹೊಕ್ಕದ. ನಿಮ್ಮಲ್ಲಿ ಮಳಿ ಹ್ಯಾಂಗದವಾ?"

"ಕ್ಯುಮುಲೋನಿಂಬಸ್ ಬಂದದ, ಅಜ್ಜಿ."

"ಅದ್ಯಾವ ನಕ್ಷತ್ರಾನವಾ?"

ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಮಗಳು ಮೆಲ್ಲಗೆ ಕೇಳಿದಳು, ಮಿರಗ ಎಂದರೆ ಏನೆಂದು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಎರಡು ಸಾವಿರ ವರ್ಷದ ಹಿಂದಿನ ರೋಮಿನ ಸಿಡಿಲು ಗೊತ್ತಿರುವ ಹುಡುಗಿಗೆ, ಅಜ್ಜ ಯಾವ ಮಳೆಯ ದಾರಿ ಕಾದು ಬಿತ್ತುತ್ತಿದ್ದರೆಂಬುದು ತಿಳಿಯದು. ನಾವು ಹೇಳದೆ ಅವಳಿಗೆ ತಿಳಿಯುವುದಾದರೂ ಎಲ್ಲಿಂದ? ಮುಂಬಯಿಯ ಮಳೆಗೆ ಅವಳ ಶಾಲೆಯಲ್ಲಿ ಮರಾಠಿ ಹೆಸರಿದೆ, ಇಂಗ್ಲಿಷ್ ಹೆಸರಿದೆ.

ಅಂದಿನಿಂದ ನೋಟುಪುಸ್ತಕದಲ್ಲಿ ಲ್ಯಾಟಿನ್, ಇಂಗ್ಲಿಷ್ ಖಾನೆಗಳ ಪಕ್ಕದಲ್ಲಿ ಮೂರನೆಯದೊಂದು ಖಾನೆ ಎಳೆದಿದ್ದೇವೆ. ಪ್ರತಿ ರವಿವಾರ ಅಜ್ಜಿ ಫೋನಿನಲ್ಲಿ ಹೇಳುತ್ತಾರೆ, ಮೊಮ್ಮಗಳು ಬರೆದುಕೊಳ್ಳುತ್ತಾಳೆ. ತುಂತುರು, ಜಿಟಿಜಿಟಿ, ಜಡಿಮಳೆ ಬಂದಾಗಿವೆ. ಮೃಗಶಿರವೇ ಮಿರಗ, ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ ಎಂಬ ಲೆಕ್ಕವೂ ಬಂದಿದೆ. ಗ್ರಾಂದೊ ಎಂಬುದರ ಎದುರಿಗೆ ಆಲಿಕಲ್ಲು ಕುಳಿತಿದೆ.

ನಿಂಗಿತ್, ಅಂದರೆ ಹಿಮ ಸುರಿಯುತ್ತದೆ ಎಂಬ ಮಾತಿಗೆ ಬಂದಾಗ ಮಾತ್ರ ಅಜ್ಜಿ ತಡೆದರು. "ನಮ್ಮ ಕಡೆ ಬೀಳೂದೇ ಇಲ್ಲ, ಹೆಸರ್ಯಾಕ ಬೇಕು?" ಎಂದರು. ಹಿಮವೆಂದು ನಾವೇ ಬರೆಯಬಹುದಿತ್ತು. ಅದು ಅಜ್ಜಿಯ ಖಾನೆಯೆಂದು ಮಗಳು ಬಿಡಲಿಲ್ಲ.