ಮಂಗಳವಾರದ ಬ್ಯಾಟರಿ

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಾರು ಮಂಗಳವಾರ ಬೆಳಿಗ್ಗೆ ಸ್ಟಾರ್ಟ್ ಆಗುವುದನ್ನೇ ನಿಲ್ಲಿಸಿತು. ಬೇರೆ ದಿನ ಹೇಗೋ ನಡೆಯುತ್ತಿತ್ತು. ಮಂಗಳವಾರ ಮಾತ್ರ ಕೀ ತಿರುಗಿಸಿದರೆ ಟಿಕ್ ಟಿಕ್ ಎಂಬ ಸದ್ದು, ಆಮೇಲೆ ಅದೂ ಇಲ್ಲ. "ಕಾರಿಗೂ ವಾರ ಗೊತ್ತಾಗುತ್ತದಾ ಉಮ್ಮಾ?" ಎಂದು ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಏದುಸಿರು ಬಿಡುತ್ತಾ ಕುಳಿತಿದ್ದರು.

ಅತ್ತೆಯ ಎರಡೂ ಕಿಡ್ನಿಗಳು ಕೈಕೊಟ್ಟು ಎರಡು ವರ್ಷವಾಗಿತ್ತು. ಮಂಗಳವಾರ ಮತ್ತು ಶುಕ್ರವಾರ ಡಯಾಲಿಸಿಸ್. ಬಿ.ಸಿ. ರೋಡಿನ ಹತ್ತಿರದ ನಮ್ಮ ಮನೆಯಿಂದ ಮಂಗಳೂರಿಗೆ ಸುಮಾರು 25 ಕಿಲೋಮೀಟರ್. ಬೆಳಗ್ಗಿನ ಪಾಳಿ ತಪ್ಪಿದರೆ ಮಧ್ಯಾಹ್ನದ ಪಾಳಿಯಲ್ಲಿ ಮೆಷಿನ್ ಖಾಲಿಯಾಗುವವರೆಗೆ ಕಾಯಬೇಕು. ಮನೆಯವರು ಜುಬೈಲಿನಲ್ಲಿದ್ದಾರೆ. ನಾನು ಡ್ರೈವಿಂಗ್ ಕಲಿತದ್ದೇ ಈ ಕಾರಣಕ್ಕೆ. ಶುಕ್ರವಾರದಿಂದ ಮಂಗಳವಾರದವರೆಗಿನ ಅಂತರ ದೊಡ್ಡದು. ಅಷ್ಟರಲ್ಲಿ ಮೈಯಲ್ಲಿ ನೀರು ತುಂಬಿ, ಕಾಲು ಊದಿ, ಸೋಮವಾರ ರಾತ್ರಿಯನ್ನು ಅವರು ದಿಂಬಿಗೆ ಒರಗಿ ಕುಳಿತೇ ಕಳೆಯುತ್ತಿದ್ದರು. ಕಾರು ಕೈಕೊಡಲು ಅದೇ ದಿನವನ್ನು ಆರಿಸಿಕೊಂಡಿತ್ತು.

ಸುಬ್‌ಹಿ ನಮಾಝ್ ಮುಗಿಸಿ ಮಸೀದಿಯಿಂದ ಬರುತ್ತಿದ್ದ ಹುಡುಗರು ಇಳಿಜಾರಿನವರೆಗೆ ತಳ್ಳಿಕೊಟ್ಟರು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಕಾರು ಒಮ್ಮೆ ಜಿಗಿದು ಸ್ಟಾರ್ಟ್ ಆಯಿತು. ಮೊದಲ ವಾರ ಎಲ್ಲರೂ ನಗುನಗುತ್ತಾ ತಳ್ಳಿದರು. ಮೂರನೇ ವಾರ ಅವರ ಮುಖ ನೋಡಲು ನನಗೇ ನಾಚಿಕೆಯಾಯಿತು.

ಫೋನಿನಲ್ಲಿ ಮನೆಯವರು ಕೇಳುವುದು ಒಂದೇ: "ಒಳಗಿನ ಲೈಟ್ ಆಫ್ ಮಾಡಿದ್ದೀಯಾ? ಬಾಗಿಲು ಸರಿ ಹಾಕಿದ್ದೀಯಾ? ಏನೋ ಮರೆತಿರಬೇಕು." ಬ್ಯಾಟರಿ ಅಂಗಡಿಯವನೂ ಅದನ್ನೇ ಹೇಳಿದ, ಆದರೆ ನನಗಲ್ಲ, ಜೊತೆಗೆ ಬಂದಿದ್ದ ನನ್ನ ತಮ್ಮನಿಗೆ. ಇಬ್ಬರು ಹೇಳಿದ ಮೇಲೆ ನನಗೂ ಸಂಶಯ ಹಿಡಿಯಿತು. ರಾತ್ರಿ ಮಲಗುವ ಮೊದಲು ಟಾರ್ಚ್ ಹಿಡಿದು ಎರಡೆರಡು ಸಲ ಅಂಗಳಕ್ಕಿಳಿದು ನೋಡಿ ಬರುತ್ತಿದ್ದೆ. ಕೊನೆಗೆ ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದೆ. ಒಂದು ವಾರ ತಳ್ಳಬೇಕಾಗಲಿಲ್ಲ. ಮರುವಾರ ಮತ್ತೆ ಅದೇ ಟಿಕ್ ಟಿಕ್!

ಡಿಸೆಂಬರಿನ ಒಂದು ಮಂಗಳವಾರ ಅತ್ತೆಯ ಆಸ್ಪತ್ರೆ ಫೈಲ್ ಮುಂದಿನ ಸೀಟಿನ ಅಡಿಗೆ ಜಾರಿತು. ಕತ್ತಲಲ್ಲಿ ತಡಕಾಡುವಾಗ ಕೈಗೆ ಒಂದು ಪೆಟ್ಟಿಗೆ ತಾಗಿತು. ಅದು ಬೆಚ್ಚಗಿತ್ತು. ಗಾಜಿನ ಮೇಲೆಲ್ಲ ಮಂಜಿನ ಹನಿ. ಶುಕ್ರವಾರದಿಂದ ಕಾರಿನ ಕೀ ತಿರುಗಿಸಿಯೇ ಇಲ್ಲ. ಮತ್ತೆ ಇದೇಕೆ ಬೆಚ್ಚಗೆ?

ಅದು ಆಂಪ್ಲಿಫೈಯರ್. ಹಿಂದಿನ ರಜೆಯಲ್ಲಿ ಬಂದಾಗ ಮನೆಯವರು, "ದಾರಿಯುದ್ದಕ್ಕೂ ಉಮ್ಮ ಏನಾದರೂ ಕೇಳುತ್ತಾ ಹೋಗಲಿ" ಎಂದು ಆಸೆಯಿಂದ ಹೊಸ ಸ್ಟೀರಿಯೋ ಜೊತೆಗೆ ಹಾಕಿಸಿದ್ದು.

ಆ ಸಂಜೆ ಆಸ್ಪತ್ರೆಯಿಂದ ಬಂದ ಮೇಲೆ ತಮ್ಮನ ಹಳೆಯ ಮಲ್ಟಿಮೀಟರ್ ಹುಡುಕಿ ತೆಗೆದೆ. ಮಗಳು ಹತ್ತನೇ ತರಗತಿ. "ಕರೆಂಟ್ ಅಳೆಯಲು ಸರಣಿಯಲ್ಲಿ ಜೋಡಿಸಬೇಕು ಉಮ್ಮಾ" ಎಂದು ಪುಸ್ತಕವನ್ನೇ ತಂದಳು. ಕೀ ತೆಗೆದು, ಬಾಗಿಲು ಹಾಕಿ, ಬಾನೆಟ್ ಎತ್ತಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಹತ್ತನೇ ನಂಬರಿನ ಸ್ಪ್ಯಾನರಿನಿಂದ ಬಿಚ್ಚಿದೆವು. ಮೀಟರಿನ ಕೆಂಪು ವಯರನ್ನು ಹತ್ತು ಆಂಪಿಯರಿನ ತೂತಿಗೆ ಹಾಕಿ, ಬಿಚ್ಚಿದ ತಂತಿಗೂ ಬ್ಯಾಟರಿಯ ಕಂಬಕ್ಕೂ ನಡುವೆ ಹಿಡಿದೆವು. ಹೀಗೆ ಹಿಡಿದಿರುವಾಗ ಯಾರೂ ಕೀ ತಿರುಗಿಸಬಾರದು. ಸ್ಟಾರ್ಟರ್ ನೂರು ಆಂಪಿಯರಿಗೂ ಮಿಕ್ಕಿ ಎಳೆಯುತ್ತದೆ, ಮೀಟರ್ ತಾಳುವುದಿಲ್ಲ.

ಮೀಟರ್ 0.40 ತೋರಿಸಿತು. ನಿಂತ ಕಾರಿನಲ್ಲಿ ಅದು 0.05ರ ಒಳಗಿರಬೇಕು. ಬ್ಯಾಟರಿಯ ಹತ್ತಿರವಿದ್ದ ಆಂಪ್ಲಿಫೈಯರಿನ ಫ್ಯೂಸ್ ಎಳೆದೆ. 0.02! ಮಗಳು ಚಪ್ಪಾಳೆ ತಟ್ಟಿದಳು. (ನಮ್ಮ ಹಾಗೆ ಬೆಚ್ಚಗಿನ ಪೆಟ್ಟಿಗೆ ಕೈಗೆ ಸಿಗದವರು ಫ್ಯೂಸುಗಳನ್ನು ಒಂದೊಂದಾಗಿ ಎಳೆದು ಮೀಟರ್ ಯಾವಾಗ ಇಳಿಯುತ್ತದೆಂದು ನೋಡಬೇಕು.)

ಆಮೇಲೆ ಅವಳೇ ಲೆಕ್ಕ ಹಾಕಿದಳು. ಶುಕ್ರವಾರ ಸಂಜೆ ಐದರಿಂದ ಮಂಗಳವಾರ ಬೆಳಿಗ್ಗೆ ಐದರವರೆಗೆ 84 ಗಂಟೆ. 0.40ರಿಂದ ಗುಣಿಸಿದರೆ 33.6. ನಮ್ಮ ಬ್ಯಾಟರಿಯ ಮೇಲೆ ಬರೆದಿರುವುದು 35 ಆಂಪಿಯರ್-ಅವರ್. ಬುಧವಾರ, ಗುರುವಾರ ನಾನು ಅವಳನ್ನು ಟ್ಯೂಷನ್ನಿಗೆ ಬಿಡಲು ಕಾರು ತೆಗೆಯುತ್ತಿದ್ದೆ, ಅದರಿಂದ ಶುಕ್ರವಾರ ಮುಕ್ಕುತ್ತಾ ಮುಕ್ಕುತ್ತಾ ಸ್ಟಾರ್ಟ್ ಆಗುತ್ತಿತ್ತು. ಶನಿವಾರದಿಂದ ಸೋಮವಾರದವರೆಗೆ ಕಾರು ಅಂಗಳ ಬಿಟ್ಟು ಕದಲುತ್ತಿರಲಿಲ್ಲ.

ಮರುದಿನ ಊರಿನ ಆಟೋ ಇಲೆಕ್ಟ್ರೀಷಿಯನ್ ಸ್ಟೀರಿಯೋ ಹೊರಗೆಳೆದು ತೋರಿಸಿದರು. ಹಳದಿ ವಯರಿನಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ, ಗಡಿಯಾರ ಮತ್ತು ಸ್ಟೇಷನ್‌ಗಳ ನೆನಪಿಗೆ. ಕೆಂಪಿನಲ್ಲಿ ಕೀ ತಿರುಗಿಸಿದಾಗ ಮಾತ್ರ. ನೀಲಿ ವಯರು ಸ್ಟೀರಿಯೋದಿಂದ ಹೊರಟು, ಅದು ಆನ್ ಆದಾಗಷ್ಟೇ ಆಂಪ್ಲಿಫೈಯರನ್ನು ಎಬ್ಬಿಸಬೇಕು. ಹಾಕಿದವರು ಅವಸರದಲ್ಲಿ ಆಂಪ್ಲಿಫೈಯರಿನ ಆ ವಯರನ್ನು ಹಳದಿಗೇ ಸುತ್ತಿ ಟೇಪ್ ಹಚ್ಚಿದ್ದರು. ಸ್ಟೀರಿಯೋ ಮಲಗುತ್ತಿತ್ತು, ಆಂಪ್ಲಿಫೈಯರ್ ಸದ್ದಿಲ್ಲದೆ ಎಚ್ಚರವಿರುತ್ತಿತ್ತು. ಸದ್ದೇ ಬಾರದ ಮೇಲೆ ಯಾರಿಗೆ ಸಂಶಯ ಬಂದೀತು? ವಯರು ಬದಲಿಸಲು ಹತ್ತು ನಿಮಿಷ ಹಿಡಿಯಿತು, ನೂರೈವತ್ತು ರೂಪಾಯಿ. "ಇಷ್ಟು ಸಲ ಪೂರ್ತಿ ಇಳಿದದ್ದರಿಂದ ಹೊಸ ಬ್ಯಾಟರಿಯ ಆಯಸ್ಸು ಕಡಿಮೆಯಾಗಿರುತ್ತದೆ ಅಕ್ಕಾ" ಎಂದರು. ಹಳೆಯದನ್ನು ಬದಲಿಸುವ ಅಗತ್ಯವೇ ಇತ್ತೋ ಇಲ್ಲವೋ!

ರಾತ್ರಿ ಮನೆಯವರಿಗೆ ಫೋನಿನಲ್ಲಿ ಎಲ್ಲ ಹೇಳಿದೆ, ಲೆಕ್ಕ ಸಮೇತ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಲೈನ್ ಕಟ್ಟಾಯಿತೋ ಎಂದುಕೊಂಡೆ.

"ನೀಲಿ ವಯರಾ?" ಎಂದರು.

"ಹೌದು, ನೀಲಿ."

"ಉಮ್ಮನಿಗೆ ಹೇಳಬೇಡ."

ನಾನು ಹೇಳಲಿಲ್ಲ. ಮಗಳು ಆಗಲೇ ಹೇಳಿಯಾಗಿತ್ತು. ಮುಂದಿನ ಮಂಗಳವಾರ ಕಾರು ಅರ್ಧ ಸುತ್ತಿಗೇ ಸ್ಟಾರ್ಟ್ ಆಯಿತು. ಅತ್ತೆ ಹಿಂದಿನಿಂದ ನನ್ನ ಭುಜ ತಟ್ಟಿ, ಸ್ಟೀರಿಯೋದ ಸದ್ದು ಸ್ವಲ್ಪ ಕಡಿಮೆ ಮಾಡಲು ಹೇಳಿ, ಫರಂಗಿಪೇಟೆ ದಾಟುವ ಮೊದಲೇ ನಿದ್ದೆ ಹೋದರು.